ಹೊಲದಲ್ಲಿ ನೆಟ್ಟ ಕಂಬ



ರಾಜಗೋಪಾಲನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಸುತ್ತ ನೋಡಿದರೆ ಏಳು ಮೊಬೈಲ್ ಕಂಬಗಳು ಕಾಣಿಸುತ್ತವೆ. ಒಂದು ಹೆಗ್ಗನಹಳ್ಳಿಯ ಕಡೆ, ಎರಡು ಲಗ್ಗೆರೆಯ ಕಡೆ. ಉಳಿದವು ಪೀಣ್ಯದ ಕಾರ್ಖಾನೆಗಳ ತಗಡಿನ ಚಾವಣಿಗಳ ಆಚೆ. ಒಂದರ ಬುಡವೂ ನನಗೆ ಕಾಣುವುದಿಲ್ಲ, ತುದಿಗಳಷ್ಟೇ ಕಾಣುತ್ತವೆ. ನಗರವಾಸಿಗಳಾದ ನಮಗೆ ಕಂಬವೆಂದರೆ ಅದರ ತುದಿಯೇ. ಅದು ಯಾರ ನೆಲದಲ್ಲಿ ನಿಂತಿದೆ, ಯಾರನ್ನು ಕೇಳಿ ನಿಂತಿದೆ ಎಂದು ನಾವು ವಿಚಾರಿಸುವುದಿಲ್ಲ. ನಾನೂ ವಿಚಾರಿಸಿದವನಲ್ಲ. ಎರಡು ವರ್ಷಗಳ ಹಿಂದೆ ಮಾಗಡಿಯ ಕಡೆಯ ನಮ್ಮ ಹಳ್ಳಿಯಿಂದ ನನ್ನ ತಮ್ಮ ಒಂದು ಕಾಗದದ ಕಟ್ಟನ್ನು ಹಿಡಿದು ಬಂದಾಗ ಮೊದಲ ಬಾರಿಗೆ ಬುಡದ ಕಡೆ ನೋಡಬೇಕಾಯಿತು.

ನಮ್ಮ ಪಿತ್ರಾರ್ಜಿತದ ಮೇಲಿನ ಹೊಲದಲ್ಲಿ ಒಂದು ಕಂಬವನ್ನು ನಿಲ್ಲಿಸಲು ಒಂದು ಸಂಸ್ಥೆಯವರು ಮುಂದೆ ಬಂದಿದ್ದರು. ಪಹಣಿಯಲ್ಲಿ ನನ್ನ ಹೆಸರೂ ಜಂಟಿಯಾಗಿ ಇರುವುದರಿಂದ ನನ್ನ ರುಜು ಬೇಕಾಗಿತ್ತು. ಇಪ್ಪತ್ತು ವರ್ಷದ ಗುತ್ತಿಗೆ, ತಿಂಗಳ ಬಾಡಿಗೆ. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ತಮ್ಮ ಅದನ್ನು ಓದಿರಲಿಲ್ಲ. "ಅಣ್ಣಾ, ಮೂರು ವರ್ಷದ ರಾಗಿ ಕೊಡದ ದುಡ್ಡನ್ನು ಇದು ಒಂದು ವರ್ಷದಲ್ಲಿ ಕೊಡುತ್ತದೆ" ಎಂದ. ಆ ಮಾತು ಸುಳ್ಳಾಗಿರಲಿಲ್ಲ.

ನಾನು ಒಡನೆ ರುಜು ಮಾಡಲಿಲ್ಲ. ಅದಕ್ಕೆ ಕಾರಣವನ್ನು ಹೇಳುವ ಮೊದಲು, ಒಬ್ಬರ ಹೊಲದಲ್ಲಿ ಎಲ್ಲರಿಗೂ ಬೇಕಾದ ವಸ್ತುವನ್ನು ನಿಲ್ಲಿಸುವ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಹಳೆಯದು, ಅದಕ್ಕೆ ಕಾಲಕಾಲಕ್ಕೆ ಯಾವ ಯಾವ ಉತ್ತರ ದೊರೆಯಿತು ಎಂಬುದನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕನ್ನಡ ಎಂ.ಎ. ಓದಿ ಮೂವತ್ತಕ್ಕೂ ಮಿಕ್ಕಿ ವರ್ಷ ಪಾಠ ಹೇಳಿದವನಿಗೆ ನೆಲದ ಪತ್ರವೆಂದರೆ ಮೊದಲು ನೆನಪಾಗುವುದು ಶಾಸನ. ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿಯ ಶಾಸನವೇ ನೆಲದ ಪತ್ರ. ಯುದ್ಧದಲ್ಲಿ ಹೋರಾಡಿದವನಿಗೆ ಹಳ್ಳಿಗಳನ್ನು ಕೊಟ್ಟದ್ದನ್ನು ಅದು ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ಈ ಕೊಡುಗೆಗಳಿಗೆ ಬೇರೆ ಬೇರೆ ಹೆಸರು ಬಂತು. ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ನೆಲ ನೆತ್ತರುಕೊಡಗೆ. ಕೆರೆಯನ್ನು ಕಟ್ಟಿಸಿದವನಿಗೆ ಕೊಟ್ಟದ್ದು ಕಟ್ಟುಕೊಡಗೆ. ಕೆರೆಯ ಕೆಳಗಿನ ನೆಲದ ಒಂದು ಪಾಲನ್ನು ಕೆರೆಯ ರಕ್ಷಣೆಗೆಂದು ಬಿಟ್ಟುಕೊಟ್ಟರೆ ಅದು ಬಿತ್ತುವಟ. ಎಲ್ಲರ ಕೆಲಸಕ್ಕೆ ಒಬ್ಬನು ಶ್ರಮವನ್ನೋ ಪ್ರಾಣವನ್ನೋ ಕೊಟ್ಟರೆ ಊರು ಅವನಿಗೆ ನೆಲವನ್ನು ಕೊಡುವುದು ಈ ಪದಗಳೆಲ್ಲದರ ಹಿಂದಿರುವ ಭಾವನೆ.

ಆ ಕಲ್ಲುಗಳ ರಚನೆಯನ್ನು ಸ್ವಲ್ಪ ಗಮನಿಸಬೇಕು. ಮೂಡಲಿಗೆ ಯಾವ ಬಂಡೆ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾರ ಹೊಲ, ಬಡಗಲಿಗೆ ಯಾವ ಮರ ಎಂದು ನಾಲ್ಕು ಎಲ್ಲೆಗಳನ್ನು ಹೇಳುತ್ತಾರೆ. ಸಾಕ್ಷಿಗಳ ಹೆಸರನ್ನು ಕೊರೆಯುತ್ತಾರೆ. ಇದನ್ನು ಕೆಡಿಸಿದವನಿಗೆ ಇಂಥ ಪಾಪ ಎಂದು ಶಪಿಸುತ್ತಾರೆ. ಆ ಮೇಲೆ ಆ ಕಲ್ಲನ್ನು ಹೊಲದಲ್ಲಿಯೋ ಕೆರೆಯ ಏರಿಯಲ್ಲಿಯೋ ಗುಡಿಯ ಮುಂದೆಯೋ ನೆಡುತ್ತಾರೆ. ಅದು ಹಾದು ಹೋಗುವವರೆಲ್ಲ ಕಾಣುವ, ಊರಿನ ಭಾಷೆಯಲ್ಲಿರುವ ಪತ್ರ. ಹಾಗೆಂದು ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅರಸನು ಕೊಡುಗೆಯಾಗಿ ಕೊಟ್ಟ ನೆಲವನ್ನು ಉಳುತ್ತಿದ್ದವನ ಹೆಸರು ಆ ಕಲ್ಲುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಅವನನ್ನು ಯಾರೂ ಕೇಳಿದಂತೆಯೂ ಕಾಣುವುದಿಲ್ಲ. ಆದರೆ ಕೊಟ್ಟದ್ದು ಗುಟ್ಟಾಗಿ ಮಾತ್ರ ಇರಲಿಲ್ಲ.

ಇನ್ನು ತಂತಿಯ ಕಾಲಕ್ಕೆ ಬರೋಣ. 1850ರ ದಶಕದಲ್ಲಿ ಒಷಾನೆಸ್ಸಿ ಎಂಬ ವೈದ್ಯನ ಮುಂದಾಳುತನದಲ್ಲಿ ಇಂಡಿಯಾದ ಉದ್ದಗಲಕ್ಕೂ ತಂತಿಯ ಕಂಬಗಳು ನಿಂತವು. ಆ ದಶಕದಲ್ಲಿಯೇ ಬೆಂಗಳೂರಿಗೂ ತಂತಿ ಬಂತು. ಕಂಬಗಳು ಹೊಲಗಳ ಮೇಲೆ ಹಾಯಲೇಬೇಕು. ಪ್ರತಿಯೊಬ್ಬ ರೈತನನ್ನೂ ಕೇಳುತ್ತ ಹೋಗಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. ಇದಕ್ಕೆ ಪಕ್ಕಾ ರೂಪವನ್ನು ಕೊಟ್ಟದ್ದು 1885ರ ಟೆಲಿಗ್ರಾಫ್ ಕಾಯಿದೆ. ಅದರ ಹತ್ತನೆಯ ಕಲಮು ಬಹಳ ಜಾಣತನದ್ದು. ಯಾರ ನೆಲದಲ್ಲಿ ಬೇಕಾದರೂ ಕಂಬವನ್ನು ನೆಡಬಹುದು. ಆದರೆ ಅದರಿಂದ ಸರ್ಕಾರಕ್ಕೆ ನೆಲದ ಒಡೆತನ ಬರುವುದಿಲ್ಲ, ಬಳಕೆಯ ಹಕ್ಕು ಮಾತ್ರ. ಆದಷ್ಟು ಕಡಿಮೆ ಹಾನಿ ಮಾಡಬೇಕು. ಹಾನಿಯಾದರೆ ಪೂರ್ತಿ ಪರಿಹಾರ ಕೊಡಬೇಕು. ಕೇಳಲು ಹಿತವಾಗಿದೆ. ಆದರೆ ಪರಿಹಾರ ಹಾನಿಗೇ ಹೊರತು ಕಂಬ ನಿಂತದ್ದಕ್ಕಲ್ಲ. ನೆಟ್ಟ ದಿನ ತುಳಿದುಹೋದ ಪೈರಿಗೆ ಬೆಲೆ ಕಟ್ಟಿದರೆ ಮುಗಿಯಿತು. ಮುಂದೆ ಐವತ್ತು ವರ್ಷ ಆ ಕಂಬವನ್ನು ಬಳಸಿಕೊಂಡು ನೇಗಿಲನ್ನು ತಿರುಗಿಸಬೇಕಾದ ಕೆಲಸ ರೈತನದು.

ನೆಲ ಒಬ್ಬರದು, ಪ್ರಯೋಜನ ಇನ್ನೊಬ್ಬರದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಶಿವನಸಮುದ್ರದ ವಿದ್ಯುತ್ ಯೋಜನೆ 1902ರ ಜೂನ್ 30ರಂದು ಫಲಿಸಿತು. ಅಂದು ವಿದ್ಯುತ್ತು ಹರಿದದ್ದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಆ ತಂತಿ ಹಾದುಹೋದ ಹಳ್ಳಿಗಳವರು ಮಾತ್ರ ತಮ್ಮ ತಲೆಯ ಮೇಲೆ ಹರಿಯುವ ಬೆಳಕನ್ನು ನೋಡುತ್ತ ಬಹುಕಾಲ ಹರಳೆಣ್ಣೆಯ, ಸೀಮೆಎಣ್ಣೆಯ ಬುಡ್ಡಿಯಲ್ಲಿಯೇ ಉಂಡರು. ವಿದ್ಯುತ್ ಗೋಪುರದ ಬುಡದ ನೆಲಕ್ಕೆ ಅದರ ಬೆಲೆಯ ನೂರಕ್ಕೆ 85ರಷ್ಟನ್ನು ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದು 2015ರಲ್ಲಿ; 2024ರಲ್ಲಿ ಅದನ್ನು ನೂರಕ್ಕೆ 200 ಎಂದು ಮಾಡಿದರು. ಶಿವನಸಮುದ್ರದ ತಂತಿಯಿಂದ ಈ ಮಾರ್ಗಸೂಚಿಗೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಎರಡನೆಯ ಉತ್ತರ ನಾನು ಇಂದು ವಾಸಿಸುವ ಕಡೆಯದು. ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಇವೆಲ್ಲ ರಾಗಿ ಬೆಳೆಯುತ್ತಿದ್ದ ಊರುಗಳು. 1966ರ ಕಾಯಿದೆಯಿಂದ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಯಿತು. ಇಲ್ಲಿ ಬಳಕೆಯ ಹಕ್ಕಿನ ಮಾತಿಲ್ಲ. ನೆಲವನ್ನೇ ಕೊಂಡು, ಪರಿಹಾರ ಕೊಟ್ಟು, ರೈತನನ್ನು ಕಳುಹಿಸಿಕೊಡುವ ರೀತಿ. ನಮ್ಮ ಬೀದಿಯ ವೃದ್ಧರೊಬ್ಬರು ತಮ್ಮ ಕಣ ಇದ್ದ ಜಾಗವನ್ನು ಒಂದು ಲೇತ್ ಕಾರ್ಖಾನೆಯ ಗೇಟಿನಿಂದ ಗುರುತಿಸುತ್ತಾರೆ.

ಮೂರನೆಯದು ಗುತ್ತಿಗೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಸೌರ ವಿದ್ಯುತ್ ಪಾರ್ಕಿಗೆ ನೆಲವನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಬಾಡಿಗೆಗೆ ಹಿಡಿದರು. ಮಳೆಯಿಲ್ಲದ ಸೀಮೆಯ ನೆಲದೊಡೆಯನಿಗೆ ಇದು ಸಣ್ಣ ಮಾತಲ್ಲ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯ ಪತ್ರದಲ್ಲಿ ಜಾಗವಿಲ್ಲ. ಗುತ್ತಿಗೆಯೆಂಬುದು ಇಬ್ಬರ ನಡುವಣ ಮಾತು. ಮೂರನೆಯವನು ಅದರಲ್ಲಿ ಇಲ್ಲವೇ ಇಲ್ಲ.

ಮೊಬೈಲಿನ ಕಂಬ ಈ ಮೂರನೆಯ ದಾರಿಯಲ್ಲಿ ಬಂದದ್ದು. ದೂರವಾಣಿಯ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬೆಂಗಳೂರಿನಲ್ಲಿದೆ. ಅದರ ಸುತ್ತ ಬೆಳೆದ ಊರಿನ ಹೆಸರೇ ದೂರವಾಣಿನಗರ. ಹಳ್ಳಿಗಳಿಗೆಂದೇ ದೇಶದಲ್ಲಿ ರೂಪಿಸಿದ ಸಣ್ಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಅಲ್ಲಿಯವರೆಗೆ ತಂತಿ ಸರ್ಕಾರದ್ದು, ಕಂಬ ಸರ್ಕಾರದ್ದು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಮೊದಲ ಮೊಬೈಲ್ ಕರೆ ಹೋದ ಮೇಲೆ ಖಾಸಗಿ ಸಂಸ್ಥೆಗಳು ಬಂದವು. ಅವು ನೆಲದೊಡೆಯರೊಡನೆ ಬಾಡಿಗೆಯ ಕರಾರು ಮಾಡಿಕೊಂಡವು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತುಹೋಯಿತು. ಟೆಲಿಗ್ರಾಫ್ ಕಾಯಿದೆ ಮಾತ್ರ ಇನ್ನೂ ಹತ್ತು ವರ್ಷ ಬಾಳಿತು. ಅದರ ಜಾಗಕ್ಕೆ 2023ರಲ್ಲಿ ದೂರಸಂಪರ್ಕ ಕಾಯಿದೆ ಬಂದಿದೆ. ಖಾಸಗಿ ನೆಲವಾದರೆ ಒಡೆಯನೊಡನೆ ಒಪ್ಪಂದ ಮಾಡಿಕೊಳ್ಳಬೇಕು ಎನ್ನುತ್ತದೆ. ಒಡೆಯನು ಒಪ್ಪದೆ, ಸಾರ್ವಜನಿಕ ಹಿತಕ್ಕೆ ಅದು ಅಗತ್ಯವೆಂದು ಕೇಂದ್ರ ಸರ್ಕಾರಕ್ಕೆ ಕಂಡರೆ ಆ ಹಕ್ಕನ್ನು ಪಡೆದುಕೊಳ್ಳಬಹುದು ಎಂದೂ ಹೇಳುತ್ತದೆ. 1885ರ ಧ್ವನಿ ಪೂರ್ತಿಯಾಗಿ ಅಡಗಿಲ್ಲ.

ನಾನು ಕಂಬದ ವಿರೋಧಿಯಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ಎಲ್ಲರೂ ಬಲ್ಲಿರಿ. ನನ್ನ ತಮ್ಮನ ಮೊಮ್ಮಗಳು ಕೂಡ ಅದೇ ಮೇಲಿನ ಹೊಲದ ಬಂಡೆಯ ಮೇಲೆ ಕುಳಿತು ಪಾಠ ಕೇಳುತ್ತಿದ್ದಳು. ಊರಿನಲ್ಲಿ ಅಲ್ಲಿ ಮಾತ್ರ ಮೊಬೈಲಿಗೆ ಜೀವ ಬರುತ್ತಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಸಂಪರ್ಕವಿಲ್ಲದ 24,680 ಹಳ್ಳಿಗಳಿಗಾಗಿ ಯೋಜನೆಯನ್ನು ಒಪ್ಪಿದಾಗ ನಾನೂ ಸಂತೋಷಪಟ್ಟೆ. ವಿಕಿರಣದ ಅಂಜಿಕೆಯನ್ನೂ ನಾನು ಮುಂದೆ ಮಾಡಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿದ್ದರು. ಅಷ್ಟೇಕೆ, ನನ್ನ ಈ ಧ್ವನಿಯೂ ಎಲ್ಲಿಯೋ ಒಂದು ಬಯಲಿನಲ್ಲಿ ನಿಂತ ಕಂಬದಿಂದಲೇ ತಮ್ಮನ್ನು ತಲುಪುತ್ತಿದೆ.

ನನ್ನನ್ನು ತಡೆದದ್ದು ಕರಾರಿನ ಒಂದು ಸಾಲು. ಕಂಬದವರೆಗೆ ಎಲ್ಲ ಕಾಲದಲ್ಲಿಯೂ ವಾಹನದ ದಾರಿಯನ್ನು ನೆಲದೊಡೆಯರೇ ಒದಗಿಸತಕ್ಕದ್ದು ಎಂದು ಅದು ಹೇಳುತ್ತಿತ್ತು. ಮೇಲಿನ ಹೊಲಕ್ಕೆ ನಮಗೆ ಸ್ವಂತ ದಾರಿಯಿಲ್ಲ. ತಾತನ ಕಾಲದಿಂದ ನೆರೆಯವರ ಹೊಲದ ಮೇಲೆ ಬಂಡಿ ಹೊಡೆಯುತ್ತ ಬಂದಿದ್ದೇವೆ, ಅದೂ ಕುಯ್ಲು ಮುಗಿದ ಮೇಲೆ. ಪೈರು ನಿಂತಿರುವಾಗ ಬದುವಿನ ಮೇಲೆ ತಲೆಹೊರೆಯೇ. ಇದು ಯಾವ ಕಾಗದದಲ್ಲಿಯೂ ಇಲ್ಲದ, ಎರಡು ಮನೆಗಳ ನಡುವಣ ಸೌಜನ್ಯ. ಬಾಡಿಗೆ ನಮಗೆ, ವರ್ಷವಿಡೀ ಡೀಸೆಲಿನ ಗಾಡಿ ಹರಿಯುವುದು ಅವರ ರಾಗಿಯ ಮೇಲೆ. ಅವರಿಗೆ ಈ ವಿಷಯವೇ ತಿಳಿದಿರಲಿಲ್ಲ.

ನಾನು ಊರಿಗೆ ಹೋದೆ. ಕರಾರಿನ ಸಾರವನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದೆ: ನಾಲ್ಕು ಎಲ್ಲೆ, ಅವಧಿ, ಬಾಡಿಗೆ, ದಾರಿ. ಅದನ್ನು ಅರಳಿಕಟ್ಟೆಯ ಮುಂದೆ, ನೆರೆಯವರಿದ್ದಾಗ ಓದಿದೆ. ಕಂಬ ತರುವ ದಲ್ಲಾಳಿ "ಇಂಥ ಪದ್ಧತಿಯಿಲ್ಲ, ಬೇರೆ ದಿನ್ನೆ ನೋಡಿಕೊಳ್ಳುತ್ತೇವೆ" ಎಂದ. ತಮ್ಮ ನನ್ನೊಡನೆ ಒಂದು ತಿಂಗಳು ಮಾತನಾಡಲಿಲ್ಲ. ಮಗಳ ಮದುವೆಯ ಸಾಲ ಅವನ ತಲೆಯ ಮೇಲಿತ್ತು. ಪಿಂಚಣಿ ಬರುವ ಅಣ್ಣನಿಗೆ ನ್ಯಾಯ ಹೇಳುವುದು ಸುಲಭವೆಂದು ಅವನು ಆಡಿದ್ದರಲ್ಲಿ ಸತ್ಯವಿತ್ತು. ಮೂರನೆಯ ತಿಂಗಳಲ್ಲಿ, ಕಂಬದವರು ಹೊಲವನ್ನು ಮತ್ತೊಮ್ಮೆ ಅಳೆಯಲು ಬಂದಾಗ, ದಾರಿಯನ್ನು ಹೊಲದ ನಡುವಿನಿಂದ ಬದುವಿನ ಅಂಚಿಗೆ ಸರಿಸಿದೆವು. ನಮ್ಮ ಬಾಡಿಗೆಯಲ್ಲಿ ಒಂದು ಪಾಲು ನೆರೆಯವರಿಗೆಂದು ಬೇರೊಂದು ಪತ್ರವಾಯಿತು. ಅದರ ಮೇಲೆ ರುಜು ಮಾಡಿದೆ.

ಇಂದು ಅನೇಕರ ಮುಂದೆ ಇಂಥ ಕಾಗದ ಬರುತ್ತಿದೆ. ಅವರಿಗೆ ನಾನು ಹೇಳಬಹುದಾದದ್ದು ಕೆಲವೇ ಮಾತು. ಕಂಬ ಹಾಕಿಸಿಕೊಡುತ್ತೇವೆ, ಮೊದಲು ಇಷ್ಟು ಕಟ್ಟಿರಿ ಎಂದವರನ್ನು ನಂಬಬೇಡಿ. ಅದು ಮೋಸವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ ಎಚ್ಚರಿಸಿದೆ. ವ್ಯವಸಾಯದ ನೆಲವನ್ನು ಬೇರೆ ಕೆಲಸಕ್ಕೆ ಬಳಸುವುದಕ್ಕೆ 1964ರ ಭೂಕಂದಾಯ ಕಾಯಿದೆಯಲ್ಲಿ ಭೂಪರಿವರ್ತನೆಯ ನಿಯಮವಿದೆ. ಅದನ್ನು ಯಾರು ಮಾಡಿಸುತ್ತಾರೆಂದು ಮೊದಲೇ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾಗದವನ್ನು ತಮ್ಮ ಭಾಷೆಯಲ್ಲಿ, ಎಲ್ಲೆಯ ಆಚೆಯವರ ಎದುರಿನಲ್ಲಿ ಓದಿಸಿ.

ಕಂಬ ಈಗ ನಿಂತಿದೆ. ತಮ್ಮನ ಮೊಮ್ಮಗಳು ಬಂಡೆ ಹತ್ತಬೇಕಾಗಿಲ್ಲ. ಜಗಲಿಯ ಮೇಲೆ ಕುಳಿತೇ ನನ್ನೊಡನೆ ಮಾತನಾಡುತ್ತಾಳೆ. ಕಳೆದ ಸುಗ್ಗಿಯಲ್ಲಿ ಊರಿಗೆ ಹೋದಾಗ ನೆರೆಯವರು ಎಂದಿನಂತೆ ಹೊಸ ರಾಗಿಯ ಹಿಟ್ಟನ್ನು ಒಂದು ಚೀಲದಲ್ಲಿ ಕೊಟ್ಟು ಕಳುಹಿಸಿದರು. ಆ ಚೀಲ ಬಾರದೆ ಹೋಗಿದ್ದರೆ, ಕಂಬದ ಬಾಡಿಗೆಯನ್ನು ನಾನು ಯಾವ ಲೆಕ್ಕದಲ್ಲಿ ಬರೆದುಕೊಳ್ಳಬೇಕಾಗುತ್ತಿತ್ತೋ ತಿಳಿಯದು.