ಚುಕ್ಕೆಯೋ ಗೀರೋ: ಒಂದು ಕರ್ಲ್ಯೂವಿನ ಕೊನೆಯ ದಾಖಲೆ

1995ರ ಫೆಬ್ರವರಿಯಲ್ಲಿ ಮೊರಾಕ್ಕೊದ ಮೆರ್ಜಾ ಜೆರ್ಗಾ ಎಂಬ ಹಿನ್ನೀರಿನಲ್ಲಿ ಸಣ್ಣ ಕೊಕ್ಕಿನ ಕರ್ಲ್ಯೂ ಒಂದು ಕಾಣಿಸಿತು. ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಕೊನೆಯ ದಾಖಲೆ ಅದು. ಅದಾದ ಮೇಲೂ ‘ಕಂಡೆವು’ ಎನ್ನುವವರಿಗೆ ಕೊರತೆ ಇರಲಿಲ್ಲ. ಕಂಡದ್ದು ಅದೇ ಹಕ್ಕಿಯೇ ಎಂಬುದು ಮಾತ್ರ ತೀರ್ಮಾನವಾಗುತ್ತಿರಲಿಲ್ಲ.

ಪುಸ್ತಕದಲ್ಲಿ ಗುರುತು ಸುಲಭ. ಸಾಮಾನ್ಯ ಕರ್ಲ್ಯೂವಿನ ಪಕ್ಕೆಯಲ್ಲಿ ಗೀರುಗಳಿದ್ದರೆ ಇದರ ಬಿಳಿ ಪಕ್ಕೆಯಲ್ಲಿ ದುಂಡನೆಯ ಕಪ್ಪು ಚುಕ್ಕೆಗಳು; ಗಾತ್ರ ಚಿಕ್ಕದು, ಕೊಕ್ಕು ತುದಿಗೆ ಹೋಗುತ್ತ ಸಣ್ಣಗಾಗುತ್ತದೆ, ರೆಕ್ಕೆಯ ಅಡಿ ಬಿಳಿ. ಕೆಸರುಬಯಲಿನಲ್ಲಿ ನಿಂತಾಗ ಕಥೆಯೇ ಬೇರೆ. ಸಾಮಾನ್ಯ ಕರ್ಲ್ಯೂವಿನ ಗಂಡಿಗೂ ಕೊಕ್ಕು ಗಿಡ್ಡ. ಅದರ ಪೂರ್ವದ ತಳಿಗೆ, ಅಂದರೆ ಚಳಿಗಾಲದಲ್ಲಿ ನಮ್ಮ ಅಳಿವೆಗಳಿಗೂ ಬರುವ ತಳಿಗೆ, ರೆಕ್ಕೆಯಡಿ ಬೆಳ್ಳಗೇ ಇರುತ್ತದೆ. ಇನ್ನು ಸಣ್ಣ ಕೊಕ್ಕಿನದರ ಎಳೆಯ ಹಕ್ಕಿಗೆ ಆ ಚುಕ್ಕೆಗಳೇ ಮೂಡಿರುವುದಿಲ್ಲ!

1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡ್ರೂರಿಜ್ ಕೊಲ್ಲಿಯಲ್ಲಿ ಇಂಥದ್ದೊಂದು ಕಾಣಿಸಿತು. ಹಿಂದಿನ ವರ್ಷ ಹುಟ್ಟಿದ್ದು ಎಂದು ನೋಡಿದವರು ಅಂದಾಜಿಸಿದರು. ಅದು ನಿಜವಾಗಿದ್ದರೆ, ಎಲ್ಲೋ ಒಂದು ಕಡೆ ಗೂಡು ಇನ್ನೂ ಇದೆ ಎಂದರ್ಥ. ಬ್ರಿಟನ್ನಿನ ಪಟ್ಟಿಗೆ ಅದನ್ನು ಸೇರಿಸಿದರು. ವರ್ಷಗಳ ನಂತರ ಪುರಾವೆಯನ್ನು ಮತ್ತೆ ಪರಿಶೀಲಿಸಿ ತೆಗೆದುಹಾಕಿದರು. ತೆಗೆದದ್ದು ಸರಿ ಎಂದೇ ನನ್ನ ಅನಿಸಿಕೆ. ಆದರೆ ಆ ಒಂದು ಸಾಲಿನ ಜೊತೆ ಗೂಡಿನ ಆಸೆಯೂ ಹೋಯಿತು.

ಗೂಡೆಂದರೆ, ಖಚಿತವಾಗಿ ಅದನ್ನು ಕಂಡವನು ಉಶಾಕೊವ್ ಒಬ್ಬನೇ. 1909ರಿಂದ 1925ರ ನಡುವೆ, ಸೈಬೀರಿಯಾದ ತಾರಾ ಪಟ್ಟಣದ ಹತ್ತಿರದ ಜವುಗಿನಲ್ಲಿ. ಮುಂದೆ ಹುಡುಕಿದವರೆಲ್ಲ ಆ ಜಾಡನ್ನೇ ಹಿಡಿದು ಬರಿಗೈಯಲ್ಲಿ ಮರಳಿದರು. ಕೊನೆಗೆ ಸುಳಿವು ಕೊಟ್ಟದ್ದು, ಯಾವಾಗಲೋ ಗುಂಡಿಗೆ ಬಿದ್ದು ಸಂಗ್ರಹಾಲಯ ಸೇರಿದ್ದ ಎಳೆಯ ಹಕ್ಕಿಗಳ ಗರಿ. ಗರಿ ಬೆಳೆಯುವಾಗ ಆ ಊರಿನ ನೀರಿನ ಗುರುತು ಅದರಲ್ಲಿ ಉಳಿಯುತ್ತದೆ. ಹೈಡ್ರೋಜನ್ ಐಸೋಟೋಪ್ ಅಳೆದು ನೋಡಿದರೆ, ಹೆಚ್ಚಿನವು ತಾರಾಕ್ಕಿಂತ ದಕ್ಷಿಣಕ್ಕೆ, ಉತ್ತರ ಕಜಾಕಸ್ತಾನದ ಹುಲ್ಲುಗಾವಲಿನ ಕಡೆ ಬೆರಳು ತೋರಿಸಿದವು. ಇಷ್ಟು ವರ್ಷ ಹುಡುಕಿದ್ದು ಅದರ ಸೀಮೆಯ ಅಂಚಿನಲ್ಲಿ.

2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹಕ್ಕಿ ಅಳಿದಿರುವ ಸಂಭವ ಶೇ. 96 ಎಂದಿತು. ಮರುವರ್ಷ ಐಯುಸಿಎನ್ ಅದನ್ನು ಅಳಿದ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಗರಿಗಳು ಬೊಟ್ಟು ಮಾಡಿದ ಆ ಹುಲ್ಲುಗಾವಲಿನ ಬಹುಪಾಲನ್ನು ಸೋವಿಯತ್ ಸರ್ಕಾರ 1954ರಿಂದಲೇ ಉತ್ತು ಗೋಧಿ ಬಿತ್ತಿಸಿತ್ತು.