ಕೂಷ್ಮಾಂಡವೂ ಚೀನಿಕಾಯಿಯೂ

ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ಮನೆಗಳಲ್ಲಿ ಬಾಳೆನಾರಿನಿಂದ ಬಿಗಿದು ಜಂತಿಗೆ ತೂಗಹಾಕಿದ ಬೂದುಗುಂಬಳವನ್ನೂ ಚೀನಿಕಾಯಿಯನ್ನೂ ಒಟ್ಟಿಗೆ ಕಂಡವನಿಗೆ ಇವೆರಡೂ ಒಂದೇ ನೆಲದ ಒಡಹುಟ್ಟುಗಳೆಂದು ತೋರುವುದು ಸಹಜವಾದರೂ, ಮೊದಲನೆಯದು ಸಂಸ್ಕೃತದಲ್ಲಿ ಕೂಷ್ಮಾಂಡವೆಂದು ಹೆಸರುವಡೆದ ಏಷ್ಯದ ಪುರಾತನ ಫಲ. ಎರಡನೆಯದಾದ ಸಿಹಿಗುಂಬಳವಾದರೋ ಅಮೆರಿಕದಲ್ಲಿ ಹುಟ್ಟಿ, ಕೊಲಂಬಸನ 1492ರ ಯಾನದ ತರುವಾಯ ಕಡಲು ದಾಟಿದುದು. ಚೀನಕ್ಕೂ ಅದಕ್ಕೂ ಹುಟ್ಟಿನ ನಂಟಿಲ್ಲ. ಹೊರಗಿನಿಂದ ಬಂದುದೆಂಬ ನೆನಪಷ್ಟೇ ಹೆಸರಿನಲ್ಲಿ ಉಳಿದಿರಬೇಕೆಂದು ನನ್ನ ಊಹೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೀಮೆಯ ಕಾಳುಮೆಣಸನ್ನರಸಿ ಬಂದು, 1569ರಲ್ಲಿ ಹೊನ್ನಾವರದ ಕೋಟೆಯನ್ನೇ ಹಿಡಿದ ಪೋರ್ಚುಗೀಸರ ವ್ಯಾಪಾರಮಾರ್ಗವೇ, ಮೆಣಸಿನಕಾಯಿ ಗೇರುಗಳಿಗೆ ದಾರಿಯಾದಂತೆ, ಇದಕ್ಕೂ ದಾರಿಯಾಯಿತೆನ್ನುವುದು ಸಮಂಜಸ.

ಆದರೆ ಹಡಗು ತಂದರೆ ಸಾಲದು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಗುಣಿ ತೋಡಿ, ಗೊಬ್ಬರ ಬೂದಿಗಳನ್ನಿಕ್ಕಿ, ಕೊಡದಿಂದ ನೀರೆರೆದು ತರಕಾರಿ ಬೆಳೆಯಿಸಿ, ಬುಟ್ಟಿಯಲ್ಲಿ ಕುಮಟೆಯ ಪೇಟೆಗೆ ಹೊತ್ತು ತಂದ ಹಾಲಕ್ಕಿ ಒಕ್ಕಲಿಗರ ಹೆಂಗಸರ ಪರಿಶ್ರಮಕ್ಕೆ ಕೋಟೆಕೊತ್ತಲಗಳ ಚರಿತ್ರೆಗಿಂತ ಕಡಿಮೆಯ ಗೌರವವು ಸಲ್ಲತಕ್ಕುದಲ್ಲ. ಅಡುಗೆಮನೆಗೆ ಬಂದರೆ, ಬೂದುಗುಂಬಳವು ಕಾಶೀಹಲ್ವವಾಗಿ ಮದುವೆಯೆಲೆಯ ಗೌರವವನ್ನು ಪಡೆಯಿತು. ಪರದೇಶದ ಚೀನಿಕಾಯಿಗೆ ದೊರೆತುದು ನಿತ್ಯದ ಹುಳಿ, ಪಲ್ಯ, ಕಡುಬುಗಳ ಪದವಿ. ಅದರ ಸಿಪ್ಪೆಯೂ ಚಟ್ನಿಯಾಗುತ್ತದೆ.