‘ಏಷ್ಯಾ’ದಿಂದ ‘ರಾಮಾನುಜನ್’ವರೆಗೆ: ನಡುವಿನ ನೂರು ವರ್ಷ

ಮಂಗಳ ಮತ್ತು ಗುರುಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳನ್ನು ಕನ್ನಡದಲ್ಲಿ ಕ್ಷುದ್ರಗ್ರಹ ಎನ್ನುತ್ತೇವೆ. ಇಲ್ಲಿ ಕ್ಷುದ್ರವೆಂದರೆ ಚಿಕ್ಕದು ಎಂದಷ್ಟೇ. ಆದರೆ ದಿನಬಳಕೆಯಲ್ಲಿ ಆ ಪದಕ್ಕೆ ಕೀಳು ಎಂಬ ಅರ್ಥವೂ ಅಂಟಿಕೊಂಡಿದೆ. ವಿಜ್ಞಾನದ ಚರಿತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಮಾತ್ರ ಈ ಚಿಕ್ಕ ಕಾಯಗಳು ದೊಡ್ಡ ಪ್ರಶ್ನೆಯೊಂದನ್ನು ಕೇಳುವಂತೆ ತೋರುತ್ತದೆ: ಆಕಾಶದಲ್ಲಿ ಯಾರ ಹೆಸರು ಉಳಿಯುತ್ತದೆ?

1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದ. ಇಂಗ್ಲೆಂಡಿನಿಂದ ಬಂದು ಅವನು ಅಧಿಕಾರ ವಹಿಸಿಕೊಂಡು ಕೆಲವೇ ತಿಂಗಳುಗಳಾಗಿದ್ದವು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದರ ಹೆಸರು ‘ಏಷ್ಯಾ’, ಕ್ರಮಸಂಖ್ಯೆ 67. ಭೂಮಿಗಿಂತ ಸರಾಸರಿ 2.42 ಪಟ್ಟು ದೂರದಲ್ಲಿರುವ ಅದು ಸೂರ್ಯನನ್ನು ಒಂದು ಸಲ ಸುತ್ತಲು ಸುಮಾರು 3.77 ವರ್ಷ ತೆಗೆದುಕೊಳ್ಳುತ್ತದೆ. ಅಂದಿನಿಂದ ಇಂದಿನವರೆಗೆ 40ಕ್ಕೂ ಹೆಚ್ಚು ಸುತ್ತು ಮುಗಿಸಿದೆ. ಆಮೇಲೆ ಮದ್ರಾಸಿನಿಂದಲೇ ಸ್ಯಾಫೊ, ಸಿಲ್ವಿಯಾ, ಕ್ಯಾಮಿಲಾ, ಕೊನೆಗೆ 1885ರಲ್ಲಿ ವೆರಾ ಸಿಕ್ಕವು. ಅಲ್ಲಿಂದ 1988ರವರೆಗೆ ಭಾರತದಿಂದ ಒಂದೂ ಇಲ್ಲ.

ಈ ಮೌನಕ್ಕೆ ಕಾರಣಗಳಿವೆ. ಪೋಗ್ಸನ್ ದುಡಿದದ್ದು ಕಣ್ಣಿನಿಂದ. ನಕ್ಷೆಯಲ್ಲಿರುವ ಒಂದೊಂದು ನಕ್ಷತ್ರವನ್ನೂ ಆಕಾಶಕ್ಕೆ ಹೋಲಿಸಿ, ನಕ್ಷೆಯಲ್ಲಿಲ್ಲದ ಚುಕ್ಕೆಯನ್ನು ಹುಡುಕಿ, ಅದು ಜರುಗುತ್ತಿದೆಯೇ ಎಂದು ಮತ್ತೆ ನೋಡಬೇಕು. ಅವನು ತೀರಿಕೊಂಡ 1891ರಲ್ಲೇ ಜರ್ಮನಿಯ ಮ್ಯಾಕ್ಸ್ ವುಲ್ಫ್ ಛಾಯಾಚಿತ್ರದಿಂದ ಕ್ಷುದ್ರಗ್ರಹ ಪತ್ತೆಮಾಡಿದ. ದೂರದರ್ಶಕ ನಕ್ಷತ್ರಗಳನ್ನು ಹಿಂಬಾಲಿಸಿದರೆ ಅವು ಫಲಕದಲ್ಲಿ ಚುಕ್ಕೆಗಳಾಗಿ ಮೂಡುತ್ತವೆ, ಚಲಿಸುವ ಕ್ಷುದ್ರಗ್ರಹ ಗೆರೆ ಎಳೆಯುತ್ತದೆ. ಯುರೋಪು ಈ ದಾರಿ ಹಿಡಿದಾಗ ನಮ್ಮ ವೀಕ್ಷಣಾಲಯ ಕೊಡೈಕೆನಾಲಿಗೆ ಸಾಗಿ ಸೂರ್ಯನ ಅಧ್ಯಯನಕ್ಕೆ ತಿರುಗಿತು. ಏನನ್ನು ನೋಡಬೇಕೆಂದು ತೀರ್ಮಾನಿಸುತ್ತಿದ್ದದ್ದು ವಸಾಹತು ಸರ್ಕಾರ.

ಆ ಪರಂಪರೆಯ ಇಂದಿನ ವಿಳಾಸ ನಮ್ಮ ಬಿಟಿಎಂ ಲೇಔಟಿಗೆ ಹತ್ತಿರದ ಕೋರಮಂಗಲ. 1971ರಲ್ಲಿ ಸ್ವಾಯತ್ತಗೊಂಡ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಅಲ್ಲಿದೆ. ವೇಣು ಬಪ್ಪು ಈ ಸಂಸ್ಥೆಗಾಗಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿದರು. ಅಲ್ಲಿನ 45 ಸೆಂ.ಮೀ. ಶ್ಮಿಟ್ ದೂರದರ್ಶಕದಿಂದ ಆರ್. ರಾಜಮೋಹನ್ ‘ಕಲ್ಕಿ’ ಎಂಬ ಯೋಜನೆ ನಡೆಸಿದರು. 1988ರ ಫೆಬ್ರವರಿ 17ರಂದು ಸಿಕ್ಕ ಕಾಯ ಇಂದು ‘4130 ರಾಮಾನುಜನ್’. ಗಣಿತಜ್ಞನ ಜನ್ಮಶತಾಬ್ದಿ ಮುಗಿದು ಎರಡು ತಿಂಗಳಾಗಿತ್ತಷ್ಟೇ. ಅವರದೇ ಇನ್ನೊಂದು ಶೋಧಕ್ಕೆ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ.ಸಿ. ಭಟ್ಟಾಚಾರ್ಯ ಅವರ ಹೆಸರಿದೆ.

ಕಂಡ ಕೂಡಲೇ ಹೆಸರಿಡುವಂತಿಲ್ಲ. ಮೊದಲು ತಾತ್ಕಾಲಿಕ ಗುರುತು: ವರ್ಷ, ಹದಿನೈದು ದಿನಗಳ ಅವಧಿಯನ್ನು ಸೂಚಿಸುವ ಅಕ್ಷರ, ಸರದಿ. ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಕಂಡು ಕಕ್ಷೆ ಖಚಿತವಾದ ಮೇಲೆ ಸಂಖ್ಯೆ. ಆಮೇಲಷ್ಟೇ ಶೋಧಕರು ಹೆಸರು ಸೂಚಿಸಬಹುದು. ಅಂದರೆ ಶೋಧವೆಂಬುದು ಒಂದು ರಾತ್ರಿಯ ಅದೃಷ್ಟವಲ್ಲ, ಹಲವರ ಹಲವು ರಾತ್ರಿಗಳ ಲೆಕ್ಕ.

ಹೀಗಾಗಿ ನನಗೆ ಪೋಗ್ಸನ್ನನ ಸಹಾಯಕ ಚಿಂತಾಮಣಿ ರಘುನಾಥಾಚಾರಿ ನೆನಪಾಗುತ್ತಾರೆ. 1867ರಲ್ಲಿ ಅವರು ಬೆಳಕು ಬದಲಾಗುವ ನಕ್ಷತ್ರವೊಂದನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ನಕ್ಷತ್ರದ ಹೆಸರು ‘ಆರ್ ರೆಟಿಕ್ಯುಲೈ’. ಅದರಲ್ಲಿ ಅವರ ಸುಳಿವಿಲ್ಲ. ಹಾಗೆಯೇ ‘ರಾಮಾನುಜನ್’ ಎಂಬ ಹೆಸರು ಕೇಳಿದವರೆಲ್ಲ ರಾಜಮೋಹನ್ ಅವರನ್ನು ಕೇಳಿರುವುದಿಲ್ಲ.

ಹೆಸರು ಗೌರವ, ಒಪ್ಪೋಣ. ಆದರೆ ಚರಿತ್ರೆ ಬರೆಯುವವರು ಹೆಸರಿನಲ್ಲೇ ನಿಂತರೆ ದುಡಿಮೆ ಕತ್ತಲಲ್ಲಿ ಉಳಿಯುತ್ತದೆ. ಕ್ಷುದ್ರಗ್ರಹ ಹಿಡಿದವರ ವಿಧಾನವೇ ನಮಗೂ ಸಲ್ಲುತ್ತದೆ: ಹೊಳೆಯುವ ಚುಕ್ಕೆಗಳ ನಡುವೆ ಮಸುಕಾದ ಗೆರೆಯನ್ನು ಹುಡುಕುವುದು.